ಎಮ್ಮೆ ಬಣ್ಣಕ್ಕೆ ಹುರಿದ ಕಾಫಿ

ಸಿಂಧನೂರಿನ ಸುತ್ತ ಯಾರಾದರೂ ಮನೆ ಬಾಗಿಲಿಗೆ ಬಂದರೆ, ಬಂದವರು ಯಾರು, ಏನು ಕೆಲಸ ಎಂದು ಕೇಳುವುದಕ್ಕೂ ಮೊದಲು ಒಲೆಯ ಮೇಲೆ ಚಹಾ ಏರಿರುತ್ತದೆ. ಬಂದವನು ನೆಂಟನಿರಬಹುದು, ಬಾಂಡೆ ಸಾಮಾನು ಮಾರುವವನಿರಬಹುದು, ಬಿಲ್ಲು ಕಟ್ಟಿಲ್ಲವೆಂದು ಕರೆಂಟು ಕಡಿಯಲು ಬಂದವನೇ ಇರಬಹುದು. ಮೊದಲು ಚಹಾ, ಆಮೇಲೆ ಜಗಳ. ಆ ಚಹಾದಲ್ಲಿ ಹಾಲಿಗಿಂತ ಸಕ್ಕರೆ ಒಂದು ಕೈ ಮುಂದಿರಬೇಕು. ತುಟಿಗೆ ತುಟಿ ಅಂಟಿದರೇನೇ ಅದು ಉಪಚಾರ. ಬೇಡ ಎಂದರೆ ಇಡೀ ಮನೆತನವನ್ನೇ ಬೇಡ ಎಂದ ಹಾಗೆ ನಮ್ಮ ಕಡೆ.

ಇಂಥ ಸೀಮೆಯಲ್ಲಿ ಪಂಪಾಪತಿ ಚಹಾ ಕುಡಿಯದ ಮನುಷ್ಯನೆಂದು ಹೆಸರಾಗಿಬಿಟ್ಟಿದ್ದ. ಅವನು ಪಶು ಆಸ್ಪತ್ರೆಯ ಇನ್ಸ್‌ಪೆಕ್ಟರ್. ಎಮ್ಮೆಗೆ ಸೂಜಿ ಚುಚ್ಚಲು, ಕುರಿಗೆ ಔಷಧ ಕುಡಿಸಲು ಬೈಕಿನ ಮೇಲೆ ಊರೂರು ತಿರುಗುವುದು ಅವನ ನೌಕರಿ. ಮಸ್ಕಿಯಿಂದ ಗೊರೇಬಾಳದ ತನಕ ಅವನ ಹೆಸರು ಗೊತ್ತಿಲ್ಲದವರೂ ‘ಕಾಫಿ ಸರ್’ ಎಂದರೆ ದಾರಿ ತೋರಿಸುತ್ತಿದ್ದರು.

ಇದರಲ್ಲಿ ತೊಂದರೆ ಇದ್ದದ್ದು ಒಂದೇ. ಪಂಪಾಪತಿಗೆ ಚಹಾ ಎಂದರೆ ಜೀವ. ಅವನ ತಂದೆ ದುರುಗಪ್ಪ ಸಾಲಗುಂದದ ಕಡೆ ಕಾಲುವೆ ನೀರು ತಿರುವುವ ಕೆಲಸದಲ್ಲಿದ್ದವನು. ಬೆಳಗಿನ ಜಾವ ಕಾಲುವೆ ದಂಡೆಯ ಮೇಲೆ ಮೂರು ಕಲ್ಲು ಹೂಡಿ ಚಹಾ ಕುದಿಸಿ, ಮಗನಿಗೆ ಬಸಿಯಲ್ಲಿ ಸುರಿದುಕೊಡುತ್ತಿದ್ದ. ತಾಯಿಯ ಹಾಲು ಬಿಟ್ಟ ಮೇಲೆ ಪಂಪಾಪತಿಯ ನಾಲಗೆ ಕಲಿತ ಮೊದಲ ರುಚಿ ಅದು. ಕಾಫಿಯನ್ನು ಅವನು ಹುಟ್ಟಿದಾಗಿನಿಂದ ಇಷ್ಟಪಟ್ಟವನೇ ಅಲ್ಲ. ಹೀಗಿದ್ದೂ ಅವನು ಕಾಫಿ ಸರ್ ಆದದ್ದು ಒಂದು ಬೋಗುಣಿಯ ದೆಸೆಯಿಂದ.

ಮಸ್ಕಿ ಕಡೆಯ ಕುರಿಗಾರ ಬೀರಲಿಂಗ ಭತ್ತ ಕೊಯ್ದ ಮೇಲೆ ಹಿಂಡು ಹೊಡೆದುಕೊಂಡು ಕಾಲುವೆ ಸೀಮೆಗೆ ಬರುತ್ತಿದ್ದ. ಒಂದು ಸಲ ಅವನ ಕುರಿಗಳಿಗೆ ಜಂತುಹುಳದ ಔಷಧ ಹಾಕಲು ಪಂಪಾಪತಿ ಹೋದ. ಕಲಸಲು ಪಾತ್ರೆ ಕೇಳಿದಾಗ ಬೀರಲಿಂಗನ ಹೆಂಡತಿ ಅಮರಮ್ಮ ಒಂದು ಅಲ್ಯೂಮಿನಿಯಂ ಬೋಗುಣಿ ಕೊಟ್ಟಳು. ಪಂಪಾಪತಿ ತನ್ನ ಕೈಯಾರೆ ಅದರಲ್ಲಿ ಬಿಳಿ ಔಷಧ ಕಲಸಿ, ಇಡೀ ಹಿಂಡಿಗೆ ಕುಡಿಸಿ, ಬೇವಿನ ಗಿಡದ ಕೆಳಗೆ ಬೆವರು ಒರೆಸುತ್ತ ಕುಳಿತ. ಕುಳಿತಲ್ಲಿಂದಲೇ ನೋಡುತ್ತಾನೆ: ಅಮರಮ್ಮ ಅದೇ ಬೋಗುಣಿಗೆ ಒಂದು ಚೆಂಬು ನೀರು ಹಾಕಿ, ಗರ್ರನೆ ತಿರುವಿ ಚೆಲ್ಲಿ, ಅದರಲ್ಲೇ ಹಾಲು ಸುರಿದು ಚಹಾಕ್ಕೆ ಇಟ್ಟಳು.

ಬೋಗುಣಿ ಸರಿಯಿಲ್ಲ ಎಂದರೆ ಅಮರಮ್ಮನ ಮನಸ್ಸು ಮುರಿಯುತ್ತದೆ. ಕುಡಿದರೆ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬುದನ್ನು ಈಗಷ್ಟೇ ಅವನೇ ಭಾಷಣ ಮಾಡಿ ವಿವರಿಸಿದ್ದ. ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಒಂದೇ ಮಾತು.

“ಇಲ್ಲವ್ವಾ, ನಾ ಚಾ ಕುಡಿಯಂಗಿಲ್ಲ. ಕಾಫಿ ಅಷ್ಟ ಕುಡಿತೀನಿ.”

ಆ ಬಯಲಿನ ಸುತ್ತಮುತ್ತ ಎಲ್ಲಿ ಹುಡುಕಿದರೂ ಕಾಫಿ ಸಿಗದೆಂಬ ಧೈರ್ಯ ಅವನಿಗೆ. ಉಳಿದವರು ಚಹಾ ಕುಡಿದರು. ಅವತ್ತು ಕುಡಿದವರೆಲ್ಲ ಹೊಟ್ಟೆ ಬಹಳ ಹಗುರಾಯಿತೆಂದು ಇಂದಿಗೂ ಹೊಗಳುತ್ತಾರೆ.

ಪೇಪರಿನ ಸುದ್ದಿ ಮರುದಿನಕ್ಕೆ ಮಿರ್ಚಿ ಕಟ್ಟಲು ಹೋಗುತ್ತದೆ. ಕುರಿಗಾರನ ಸುದ್ದಿ ಹಾಗಲ್ಲ, ಹಿಂಡಿನ ಹಿಂದೆ ನಡೆದು ಊರೂರು ಮೇಯುತ್ತದೆ. ಸುಗ್ಗಿ ಮುಗಿಯುವಷ್ಟರಲ್ಲಿ ಪಂಪಾಪತಿ ಹೋದ ಹೋದ ಮನೆಯಲ್ಲಿ ಕಾಫಿ ಎದ್ದು ನಿಂತಿತು. ಒಬ್ಬರು ಶುಂಠಿ, ಏಲಕ್ಕಿ, ಮೆಣಸು ಕುಟ್ಟಿ ಹಾಕಿ ಕಾಫಿ ಮಾಡಿದರು. ಇನ್ನೊಬ್ಬರು ಪುಡಿ ಸಿಗಲಿಲ್ಲವೆಂದು ಕಾಫಿ ಚಾಕಲೇಟುಗಳನ್ನು ಎಮ್ಮೆ ಹಾಲಿನಲ್ಲಿ ಕರಗಿಸಿ ಕೊಟ್ಟರು. ಸಾಲಗುಂದದ ಒಬ್ಬ ಮುದುಕಿಯಂತೂ ಲೋಟ ಮುಂದಿಟ್ಟು ಸಮಾಧಾನ ಹೇಳಿದಳು:

“ಚಾಪುಡೀನೂ ಹಾಕೀನಪ್ಪಾ, ಕಾಫಿಪುಡೀನೂ ಹಾಕೀನಿ. ನಿನಗ ಯಾವುದು ಬೇಕೋ ಅದನ್ನ ಕುಡಿ.”

ಎಲ್ಲರೂ ಎದುರಿಗೆ ಕುಳಿತು “ಹೆಂಗೈತ್ರಿ ಸರ?” ಎಂದು ಕೇಳುವರು. “ಭಾಳ ಚಲೋ ಐತಿ” ಎನ್ನುವನು. ಎಂದದ್ದೇ ತಪ್ಪು, ಇನ್ನೊಂದು ಲೋಟ ಬರುವುದು. ಈಗ ಒಂದು ಮನೆಯಲ್ಲಿ ಚಹಾ ಕುಡಿದನೋ, ಕಾಫಿ ಕೊಟ್ಟ ಅಷ್ಟೂ ಮನೆಗಳು ಎದ್ದು ಬಂದು ಕೇಳುತ್ತವೆ: ಅವರ ಮನ್ಯಾಗ ಕುಡೀತೀರಿ, ನಮ್ಮದು ಯಾಕ ಬ್ಯಾಡ?

ಹೋಗಲಿ, ಮನೆಯಲ್ಲಾದರೂ ಕುಡಿಯಬಹುದಿತ್ತು. ಆದರೆ ಮಸ್ಕಿ ಸಂತೆಯಲ್ಲಿ ಅಮರಮ್ಮ ಅವನ ಹೆಂಡತಿ ಸುಕನ್ಯಾಳಿಗೆ ಸಿಕ್ಕಳು. “ನಿಮ್ಮ ಯಜಮಾನ್ರು ಚಾ ಮುಟ್ಟಂಗೇ ಇಲ್ಲಂತಲ್ರೀ ಟೀಚರ, ಎಂಥಾ ಒಳ್ಳೇ ಚಟ” ಎಂದಳು. ಸುಕನ್ಯಾ ಶಾಲೆಯ ಮಾಸ್ತರಿಣಿ. ಕೂಡಿಸಿ ಕಳೆದು ಲೆಕ್ಕ ಮಾಡುವವಳು. ಬದನೆಕಾಯಿ ಚೀಲ ಹಿಡಿದು ಮನೆಗೆ ಬಂದವಳೇ ಕಣ್ಣಲ್ಲಿ ನೀರು ತಂದಳು.

“ಮದುವಿ ಆದಾಗಿಂದ ನನ್ನ ಚಾ ಬಾಯಿ ಮುಚ್ಕೊಂಡು ಕುಡದ್ರಿ. ಸೇರಂಗಿಲ್ಲ ಅಂತ ಹೇಳಿದ್ರ ನಾ ಏನ್ ಹೊಡೀತಿದ್ನೇನು?”

“ಸುಕನ್ಯಾ, ನಿನ್ನ ಚಾ ಅಂದ್ರ ನನಗ ಜೀವ.”

“ನೋಡ್ರಿ, ಈಗೂ ನನಗ ನೋವಾಗಬಾರ್ದಂತ ಸುಳ್ಳು ಹೇಳಾಕತ್ತೀರಿ.”

“ಅದು ಬೋಗುಣಿ ಸಲುವಾಗಿ ಅಂದಿದ್ದು. ಅದರಾಗ ಜಂತುಹುಳದ ಔಷಧ…”

“ಬಡವರ ಪಾತ್ರಿ ಮ್ಯಾಲೆ ಹಾಕಬ್ಯಾಡ್ರಿ. ಅಮರಮ್ಮನಂಥಾ ಹೆಣಮಗಳು.”

ಅವನು ಆಣೆ ಇಟ್ಟಷ್ಟೂ ಅವಳ ಅನುಮಾನ ಗಟ್ಟಿಯಾಯಿತು. ಮೋಸ ಮಾಡುವ ಗಂಡನಾದರೆ ಇಷ್ಟೆಲ್ಲ ಆಣೆ ಇಡುತ್ತಿರಲಿಲ್ಲ, ಇದು ಕರುಣೆಯ ಗಂಡ ಎಂದು ತೀರ್ಮಾನಿಸಿದಳು. ಮರುದಿನದಿಂದ ಮನೆಗೂ ಕಾಫಿ ಪುಡಿ ಬಂತು. ತನ್ನ ಚಹಾವನ್ನು ಅವಳು ಅಡುಗೆಮನೆ ಬಾಗಿಲು ಹಾಕಿಕೊಂಡು ಕುಡಿಯತೊಡಗಿದಳು, ವಾಸನೆಯಿಂದ ಗಂಡನಿಗೆ ತ್ರಾಸಾಗಬಾರದೆಂದು. ಬಾಗಿಲ ಸಂದಿಯಲ್ಲಿ ಶುಂಠಿಯ ಘಮ ಹೊರಗೆ ಬರುವುದು. ಪಂಪಾಪತಿ ಪೇಪರ್ ಮುಖಕ್ಕೆ ಹಿಡಿದು ಮೂಗನ್ನು ಮಾತ್ರ ಆ ಕಡೆ ತಿರುಗಿಸಿ ಕೂರುವನು.

ತಡೆಯಲಾಗದೆ ಒಂದು ದಿನ ಲಸಿಕೆ ತರುವ ನೆಪ ಮಾಡಿ ಲಿಂಗಸುಗೂರಿಗೆ ಬಸ್ಸು ಹತ್ತಿದ. ಅಲ್ಲಿ ಅವನ ಗುರುತಿನವರು ಯಾರೂ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಗೋಡೆಗೆ ಮುಖ ಮಾಡಿ ಕುಳಿತು, ಪಿಸುಮಾತಿನಲ್ಲಿ ಒಂದು ಚಹಾ ಹೇಳಿದ. ಲೋಟ ಬಂತು. ಕೆನೆ ಸರಿಸಿ ಒಮ್ಮೆ ಊದಿದ. ಅಷ್ಟರಲ್ಲಿ ಹೆಗಲ ಮೇಲೆ ಒಂದು ಕೈ ಬಿತ್ತು. ಟಗರು ಮಾರಲು ಬಂದಿದ್ದ ಬೀರಲಿಂಗ.

“ಸರ,” ಎಂದ ಬೀರಲಿಂಗ. “ಕಾಫಿ ಸಿಗಲಿಲ್ಲಂತ ಚಾ ಕುಡಿಯೂ ಪಾಳಿ ಬಂತೇನ್ರಿ ನಿಮಗ? ನಾ ಇರೂತನಕ ಹಂಗ ಆಗಬಾರದ್ರಿ.”

ಲೋಟವನ್ನು ಮೆಲ್ಲನೆ ಪಂಪಾಪತಿಯ ಕೈಯಿಂದ ಬಿಡಿಸಿಕೊಂಡ. ಹಾಳಾಗಬಾರದೆಂದು ನಿಂತಲ್ಲೇ ತಾನು ಕುಡಿದ. ಆಮೇಲೆ ಟಗರನ್ನು ಪಂಪಾಪತಿಯ ಕೈಗೆ ಕೊಟ್ಟು ಊರೆಲ್ಲ ತಿರುಗಿ, ಅದೆಲ್ಲಿಂದಲೋ ಒಂದು ಲೋಟ ಕಾಫಿ ಹಿಡಿದು ಬಂದ. ಆರಿ ತಣ್ಣಗಾಗಿತ್ತು. ಪಂಪಾಪತಿ ಕುಡಿದ. ಟಗರು ನೋಡುತ್ತಿತ್ತು.

ಇಷ್ಟರ ಮೇಲೆ ಆಸ್ಪತ್ರೆಗೆ ಹೊಸ ಡಾಕ್ಟರಾಗಿ ರೂಪಾ ಮೇಡಂ ಬಂದರು. ಮಲೆನಾಡಿನ ಕೊಪ್ಪದ ಕಡೆಯವರು, ಕಾಫಿ ತೋಟದ ಮನೆಯವರು. ಬೆಳಗ್ಗೆ ಒಳ್ಳೆಯ ಕಾಫಿ ಇಲ್ಲದೆ ಅವರಿಗೆ ಸಿಂಧನೂರಿನ ಬಿಸಿಲು ಎರಡು ಪಟ್ಟಾಗಿ ಕಾಣುತ್ತಿತ್ತು. ತಮ್ಮ ಕೈಕೆಳಗೇ ಒಬ್ಬ ಕಾಫಿ ಸರ್ ಇದ್ದಾನೆಂದು ತಿಳಿದಾಗ ಕುರ್ಚಿಯಿಂದ ಎದ್ದೇ ಬಂದರು.

“ನೀವು ಮನೇಲಿ ಯಾವ ಬೀಜ ಬಳಸ್ತೀರ ಪಂಪಾಪತಿಯವರೇ? ಅರೇಬಿಕಾನೋ, ರೊಬಸ್ಟಾನೋ?”

ಪಂಪಾಪತಿಗೆ ಗೊತ್ತಿದ್ದ ತಳಿಗಳೆಲ್ಲ ನಾಲ್ಕು ಕಾಲಿನವು. “ಎರಡೂ ಮೇಡಂ” ಎಂದ.

“ಬೆರೆಸ್ತೀರ. ಚಿಕೋರಿ ಎಷ್ಟು?”

“ಅದೆಲ್ಲಾ ನಾವು ಹಾಕಂಗಿಲ್ರಿ.”

“ಶುದ್ಧ ಕಾಫಿ. ಪರವಾಗಿಲ್ವೇ. ಪುಡಿ ಎಲ್ಲಿಂದ ತರಿಸ್ತೀರ? ಯಾರು ಹುರೀತಾರೆ?”

ಶೇಂಗಾ, ಎಳ್ಳು, ಜೋಳ ಎಲ್ಲವನ್ನೂ ಮನೆಯಲ್ಲೇ ಹುರಿಯುವ ಸಂಸಾರ ಅವನದು. ಅಭ್ಯಾಸಬಲದಿಂದ “ಮನ್ಯಾಗ ಹುರಿತೀವ್ರಿ” ಎಂದುಬಿಟ್ಟ.

ಮೇಡಂ ಕಣ್ಣರಳಿಸಿದರು. ಗೊತ್ತಿಲ್ಲದೆ ಕೊಟ್ಟ ಒಂದೊಂದು ಉತ್ತರಕ್ಕೂ ಪಂಪಾಪತಿ ಅವರ ಎದುರು ಒಂದೊಂದು ಗೇಣು ಎತ್ತರವಾಗುತ್ತ ಹೋದ. ರಜೆಗೆ ಊರಿಗೆ ಹೋದ ಮೇಡಂ ತೋಟದ ಹಸಿ ಕಾಫಿ ಬೀಜದ ಒಂದು ಚೀಲ ತಂದು ಅವನ ಮೇಜಿನ ಮೇಲಿಟ್ಟರು.

“ಮೀಡಿಯಂ ರೋಸ್ಟ್‌ಗಿಂತ ಸ್ವಲ್ಪ ಮುಂದೆ, ಡಾರ್ಕ್‌ಗಿಂತ ಸ್ವಲ್ಪ ಹಿಂದೆ ಹುರೀರಿ. ಭಾನುವಾರ ನಿಮ್ಮನೇಗೆ ಬರ್ತೀನಿ. ಹದ ಬಂತು ಅಂದ್ರೆ ಪ್ರತಿ ಭಾನುವಾರಾನೂ ಬರ್ತೀನಿ.”

ಬೈಕಿನ ಮುಂದೆ ಚೀಲ ಇಟ್ಟುಕೊಂಡು ಮನೆಗೆ ಬರುವಾಗ ಪಂಪಾಪತಿಗೆ ತನ್ನ ಸ್ಥಿತಿ ತಿಳಿಯಿತು. ಕಾಫಿ ಕೆಟ್ಟರೆ ಮೇಡಂ ಎದುರು ಮಾನ ಹೋಗುತ್ತದೆ. ಚೆನ್ನಾದರೆ ವಾರ ವಾರ ಕಾಫಿ; ಆಮೇಲೆ ಸುಕನ್ಯಾಳ ಕೈಯ ಚಹಾ ಈ ಜನ್ಮಕ್ಕಿಲ್ಲ.

“ಇದೇನ್ರಿ, ಹಸಿ ಶೇಂಗಾದಂಗ ಐತಿ” ಎನ್ನುತ್ತ ಸುಕನ್ಯಾ ಒಂದು ಬೊಗಸೆ ಬೀಜವನ್ನು ರೊಟ್ಟಿ ಹಂಚಿನ ಮೇಲೆ ಹಾಕಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೇ ಆಯಿತು. ಅರ್ಧ ಬೀಜ ಇದ್ದಿಲಾದವು, ಅರ್ಧ ಹಸಿರಾಗಿಯೇ ಉಳಿದವು. ಹೊಗೆ ಮನೆ ತುಂಬಿ, ಮುಚ್ಚಿಟ್ಟ ಮೊಸರಿಗೂ ವಾಸನೆ ಹಿಡಿಯಿತು. ಓಣಿಯವರು ಬಾಗಿಲಿಗೆ ಬಂದು ಏನು ಸುಟ್ಟಿತೆಂದು ವಿಚಾರಿಸಿದರು.

“ಈ ಹಂಚಿನ ಮ್ಯಾಲೆ ಇನ್ನ ರೊಟ್ಟಿ ಹೆಂಗ ಹಾಕ್ಲಿ?” ಎಂದಳು ಸುಕನ್ಯಾ. “ನನ್ನೇಸಾಬನ ಭಟ್ಟಿಗೆ ಒಯ್ರಿ. ಹುರಿಯೂದು ಅವನ ದಂಧೆ.”

ನನ್ನೇಸಾಬನದು ಮಂಡಾಳು ಭಟ್ಟಿ. ಕಾದ ಮರಳಿನ ಬಾಣಲೆಗೆ ಅಕ್ಕಿ ಹಾಕಿದರೆ ಮಂಡಾಳು, ಕಡಲೆ ಹಾಕಿದರೆ ಪುಠಾಣಿ. ಅವನು ಒಂದು ಕಾಫಿ ಬೀಜವನ್ನು ಹಲ್ಲಿನಲ್ಲಿ ಕಡಿದು ಉಗುಳಿ, ದೇವರು ಯಾತಕ್ಕೆ ಹುಟ್ಟಿಸಿದನೋ ಎಂಬಂತೆ ನೋಡಿದ.

“ಬಣ್ಣ ಹೇಳ್ರಿ ಸಾಬ್. ಗೋಧಿ ಬಣ್ಣಕ್ಕ ತರ್ಲೋ, ಬೆಲ್ಲದ ಬಣ್ಣಕ್ಕ ತರ್ಲೋ, ಎಮ್ಮಿ ಬಣ್ಣಕ್ಕ ತರ್ಲೋ?”

ಪಂಪಾಪತಿ ಮೇಡಂ ಮಾತು ನೆನೆದ. “ಬೆಲ್ಲಕ್ಕಿಂತ ಮುಂದ, ಎಮ್ಮಿಗಿಂತ ಹಿಂದ.”

“ಯಾವ ಎಮ್ಮಿ? ಮೈ ತೊಳದದ್ದೋ, ತೊಳೀಲಾರದ್ದೋ?”

ಕಾಫಿಯ ವಿಷಯ ಇಲ್ಲಿಗೆ ಪಂಪಾಪತಿಯ ನೌಕರಿಯ ಸರಹದ್ದಿಗೆ ಬಂತು. ಅವನ ದನಿ ತಾನೇ ತಾನಾಗಿ ಗಂಭೀರವಾಯಿತು. “ಕಾಲುವ್ಯಾಗಿಂದ ಎದ್ದು ಬಂದು ಬಿಸಿಲಿಗೆ ನಿಂತಿರತೈತಲ್ಲ, ಬೆನ್ನು ಅರ್ಧ ಆರಿರತೈತಿ, ಅಂಥಾದ್ದು.”

“ಈಗ ತಿಳೀತು ನೋಡ್ರಿ” ಎಂದ ನನ್ನೇಸಾಬ. ಅವನಿಗೆ ನಿಜವಾಗಿಯೂ ತಿಳಿದಿತ್ತು. ಅದೇ ಹೊತ್ತಿಗೆ ಗೊರೇಬಾಳದಿಂದ ಎಮ್ಮೆ ಕರು ಹಾಕಲು ಒದ್ದಾಡುತ್ತಿದೆಯೆಂದು ಫೋನು ಬಂದು, ಪಂಪಾಪತಿ ಚೀಲ ಅಲ್ಲೇ ಬಿಟ್ಟು ಓಡಿದ.

ಸಂಜೆ ಮರಳಿ ಬಂದಾಗ ಬೀಜಗಳು ಗೋಣಿತಟ್ಟಿನ ಮೇಲೆ ಆರುತ್ತಿದ್ದವು. ಬಣ್ಣ ಹೇಳಿದ್ದಕ್ಕೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅರ್ಧ ಆರಿದ ಎಮ್ಮೆಯೇ. ಆದರೆ ಅದರ ಮೇಲೆ ಹಬ್ಬಕ್ಕೆ ಪೂಜೆ ಮಾಡಿದ ಹಾಗೆ ಹಳದಿ.

“ಅರಿಷಿಣ ಯಾಕ ನನ್ನೇಸಾಬ?”

“ನೀರಾಗ ನೆನಿಸಿ, ಉಪ್ಪು ಅರಿಷಿಣ ಸವರಿ, ಆರಿಸಿ, ಆಮ್ಯಾಲೆ ಹುರಿಯೂದು. ನಮ್ಮಪ್ಪನ ಕಾಲದಿಂದ ಕಡ್ಲಿಗೆ ಅದ ಪದ್ಧತಿ. ಆದ್ರ ಮಾಲು ಹಳೇದೈತ್ರಿ, ಎಷ್ಟು ಉರಿ ಹಾಕಿದ್ರೂ ಅರಳವಲ್ಲದು.”

“ಉಪ್ಪೂ ಹಾಕೀಯಾ?”

“ಉಪ್ಪಿಲ್ಲದ ಯಾರು ತಿಂತಾರ್ರಿ?”

“ತಿನ್ನೂದಲ್ಲೋ, ಕುಡಿಯೂದು.”

ನನ್ನೇಸಾಬ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಕುಡಿಯೂದಾ? ಮೊದಲ ಹೇಳಬಾರದೇನ್ರಿ. ಒಂಚೂರು ಖಾರ ಹಾಕ್ತಿದ್ದೆ.”

ಆ ಕೊರತೆಯನ್ನು ಗಿರಣಿ ತುಂಬಿತು. ತನ್ನ ಮಿಕ್ಸರಿಗೆ ಆ ಬೀಜ ಹಾಕಲು ಸುಕನ್ಯಾ ಒಪ್ಪಲಿಲ್ಲ. ಗಿರಣಿಯಲ್ಲಿ ಅವನಿಗಿಂತ ಮುಂಚೆ ಯಾರದೋ ಮದುವೆಗೆ ಬ್ಯಾಡಗಿ ಮೆಣಸಿನಕಾಯಿ ಬೀಸಿದ್ದರು. ಪುಡಿಯ ಡಬ್ಬಿ ತೆರೆದಾಗ ಪಂಪಾಪತಿಗೆ ಸೀನು ಬಂತು. ತೊಳೆಯಲು ಬರುವ ವಸ್ತುವಲ್ಲ, ಎಸೆಯಲು ಮೇಡಂ ತಂದ ಬೀಜ. ಭಾನುವಾರ ಬೇರೆ ಬಂದೇಬಿಟ್ಟಿತ್ತು.

ಯಾವುದೋ ಸನ್ಮಾನದಲ್ಲಿ ಪಂಪಾಪತಿಗೆ ಬಂದಿದ್ದ ಕಾಫಿ ಫಿಲ್ಟರಿನಲ್ಲಿ ಸುಕನ್ಯಾ ಸೂಜಿ ದಾರ ಇಟ್ಟುಕೊಂಡಿದ್ದಳು. ಅದನ್ನು ಬರಿದುಮಾಡಿ, ತೊಳೆದು, ಪುಡಿ ತುಂಬಿ, ಬಿಸಿನೀರು ಹಾಕಿಟ್ಟಳು. ಮೇಡಂ ಬಂದರು. ಅವರು ಬರುವ ಸುದ್ದಿ ಕೇಳಿ ಬೀರಲಿಂಗ, ಅಮರಮ್ಮ ಕೂಡ ಒಂದು ಚೆಂಬು ಹಸಿ ಹಾಲು ಹಿಡಿದು ಬಂದು ಗೋಡೆಗೆ ಒರಗಿ ಕುಳಿತರು. ಡಿಕಾಕ್ಷನ್ ಇಳಿಯುವುದನ್ನು ಎಲ್ಲರೂ ಹೆರಿಗೆ ಕಾಯುವಂತೆ ಕಾದರು.

ಮೊದಲ ಲೋಟ ಮೇಡಂಗೆ. ಅವರು ಒಂದು ಗುಟುಕು ತೆಗೆದುಕೊಂಡು ಕಣ್ಣು ಮುಚ್ಚಿದರು.

“ಕಾಫಿ ತಿಳದವ್ರು ಹಂಗ ಕಣ್ಣು ಮುಚ್ಚೇ ಕುಡಿಯೂದು” ಎಂದು ಅಮರಮ್ಮ ಗಂಡನ ಕಿವಿಯಲ್ಲಿ ಹೇಳಿದಳು.

ಮೇಡಂ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ತೆರೆದಾಗ ಕಣ್ಣು ಕೆಂಪಗಿದ್ದವು.

“ಹೆಂಗೈತ್ರಿ ಮೇಡಂ?” ಎಂದಳು ಸುಕನ್ಯಾ.

“ಇಂಥ ಕಾಫಿ ನಾನು ಎಲ್ಲೂ ಕುಡಿದಿಲ್ಲ” ಎಂದರು ಮೇಡಂ. ಅದು ಸತ್ಯವಾಗಿತ್ತು. ಹೊಗಳಿಕೆಯೆಂದು ತಿಳಿದ ಸುಕನ್ಯಾ ಎರಡನೆಯ ಲೋಟ ತುಂಬಿ ತಂದಳು. ಅದು ತಮ್ಮ ಕಡೆಗೇ ಬರುತ್ತಿರುವುದನ್ನು ಕಂಡ ಮೇಡಂ ಎರಡೂ ಕೈ ಅಡ್ಡ ಹಿಡಿದರು.

“ಬೇಡ ಬೇಡ. ನಾನು… ನಾನು ಕಾಫಿ ಬಿಟ್ಟಿದೀನಿ. ನಿಮ್ಮನೇದು ಅಂತ ಇದೊಂದು ಲೋಟ ಕುಡಿದೆ. ಈಗ ಚಹಾ ಮಾತ್ರ ಕುಡಿಯೋದು.”

ಆ ದನಿ ಪಂಪಾಪತಿಗೆ ಗುರುತು ಸಿಕ್ಕಿತು. ಬೇವಿನ ಗಿಡದ ಕೆಳಗೆ ಕುಳಿತು ಮಾತಾಡಿದ ತನ್ನದೇ ದನಿ. ಮೇಡಂ ಅವನ ಕಡೆ ನೋಡಿದರು, ಅವನು ಮೇಡಂ ಕಡೆ ನೋಡಿದ. ಇಬ್ಬರೂ ನೆಲ ನೋಡಿದರು.

ಎರಡನೆಯ ಲೋಟ ಬೀರಲಿಂಗನ ಪಾಲಾಯಿತು. ಅವನು ಗಟಗಟನೆ ಕುಡಿದು, “ಮೂಗು ಬಿಡ್ತು ನೋಡ್ರಿ. ಶೀತಕ್ಕ ಭಾಳ ಚಲೋ” ಎಂದು ಉಳಿದ ಪುಡಿಯ ಡಬ್ಬಿಯನ್ನು ಕೇಳಿ ಇಸಿದುಕೊಂಡ.

ತನ್ನ ಚಹಾವನ್ನು ಒಬ್ಬರು ಬಾಯಿಬಿಟ್ಟು ಕೇಳಿದ್ದಕ್ಕೆ ಸುಕನ್ಯಾ ಹಿಗ್ಗಿ ಒಳಗೆ ಓಡಿದಳು. ಶುಂಠಿ ಜಜ್ಜುವ ಸದ್ದು ಬಂತು. ಬಾಗಿಲು ತೆರೆದೇ ಇತ್ತು. ಅಡುಗೆಮನೆಯ ಘಮ ಅಡ್ಡಿಯಿಲ್ಲದೆ ಪಡಸಾಲೆಗೆ ಬಂದು ಪಂಪಾಪತಿಯ ಪಕ್ಕದಲ್ಲಿ ಕುಳಿತ ಹಾಗಾಯಿತು. ಚಹಾ ಬಂದ ಮೇಲೆ ಎಲ್ಲರಿಗೂ ಒಂದೊಂದು ಲೋಟ; ಅವನ ಮುಂದೆ ಮಾತ್ರ ಫಿಲ್ಟರಿನ ಕೊನೆಯ ಹನಿಗಳು.

ಮೇಡಂ ಚಹಾ ಕುಡಿದರು. ಹೋಗಿದ್ದ ಜೀವ ಅವರ ಮುಖಕ್ಕೆ ಬಂತು. “ಎಷ್ಟು ಚೆನ್ನಾಗಿದೆ. ಇದನ್ನ ಬಿಟ್ಟು ಅದನ್ನ ಕುಡೀತೀರಲ್ಲ ಪಂಪಾಪತಿಯವರೇ.”

“ಅವರಿಗೆ ನನ್ನ ಚಾ ಸೇರಂಗಿಲ್ರಿ” ಎಂದಳು ಸುಕನ್ಯಾ, ಸೆರಗಿನ ಅಂಚು ತಿರುವುತ್ತ.

ಮೇಡಂ ಲೋಟ ಕೆಳಗಿಟ್ಟು, ಕಚೇರಿಯ ದನಿ ತೆಗೆದರು. “ಒಂದು ಲೋಟ ಕುಡೀರಿ. ನನ್ನ ಆರ್ಡರ್ ಅಂತ ತಿಳ್ಕೊಳ್ಳಿ.”

ಮೇಲಧಿಕಾರಿಯ ಆರ್ಡರಿಗೆ ಯಾವ ಊರಿನ ಯಾವ ಮನೆಯವರೂ ಬೇಸರಪಡುವಂತಿಲ್ಲ. ಸುಕನ್ಯಾ ತನ್ನ ಪಾಲಿನ ಚಹಾವನ್ನೇ ಅವನಿಗೆ ಕೊಟ್ಟಳು. ಪಂಪಾಪತಿ ಕುಡಿದ. ಕುಡಿಯುತ್ತ ಲೋಟ ಮೇಲೆ ಮೇಲೆ ಹೋಗಿ, ಅವನ ಮುಖವೇ ಕಾಣದ ಹಾಗಾಯಿತು.

“ಹೆಂಗೈತಿ?” ಎಂದಳು ಸುಕನ್ಯಾ. ಅವಳ ಕೈ ಸೆರಗು ತಿರುವುವುದನ್ನು ನಿಲ್ಲಿಸಿತ್ತು.

ಚೆನ್ನಾಗಿದೆ ಎನ್ನಲು ಎದುರಿಗೆ ಬೀರಲಿಂಗ, ಅಮರಮ್ಮ ಕುಳಿತಿದ್ದರು. ಚೆನ್ನಾಗಿಲ್ಲ ಎಂದರೆ ಸುಕನ್ಯಾ ನಿಂತಿದ್ದಳು. ಇದರಲ್ಲಿ ಯಾವುದನ್ನು ಹೇಳಲಿ ಎಂದು ಪಂಪಾಪತಿ ಯೋಚಿಸುವಷ್ಟರಲ್ಲಿ ಬಾಯಿ ತನ್ನ ಪಾಡಿಗೆ ತಾನು ಹೇಳಿತು:

“ಸಕ್ಕರಿ ಒಂದೀಟು ಕಡಿಮಿ ಆಗೇತಿ.”

ಮದುವೆಯಾದಾಗಿನಿಂದ ಪ್ರತಿ ಮುಂಜಾನೆ ಖಾಲಿ ಲೋಟ ಕೆಳಗಿಡುವಾಗ ಅವನು ಹೇಳುತ್ತಿದ್ದ ಮಾತು ಅದು. ಸುಕನ್ಯಾ ಲೋಟದೊಳಗೆ ಇಣುಕಿದಳು. ತಳದ ಗಸಿಯನ್ನೂ ಬೆರಳಿನಿಂದ ಬಳಿದು ನೆಕ್ಕಿದ್ದ. ಹೆಂಡತಿಯ ಮೇಲಿನ ಕರುಣೆಗೆ ಚಹಾ ಕುಡಿಯುವ ಯಾವ ಗಂಡಸೂ ಗಸಿ ಬಳಿಯುವುದಿಲ್ಲ. ಅಷ್ಟು ಲೆಕ್ಕ ಅವಳಿಗೆ ಬರುತ್ತಿತ್ತು.

“ಸಕ್ಕರಿ ಕಾಯಿಲೆ ಬರತೈತಿ, ಸುಮ್ನ ಕುಡೀರಿ” ಎಂದಳು. ಅದು ಅವಳ ದಿನದ ಉತ್ತರ. ಹೇಳಿ ಒಳಗೆ ಹೋದವಳು ಮತ್ತೆ ಒಲೆಯ ಮೇಲೆ ನೀರಿಟ್ಟಳು.

ಮನೆಯಲ್ಲಿ ಹೀಗೆ ಚಹಾ ಮರಳಿ ಬಂತು. ಹೊರಗಿನ ಕಥೆಯನ್ನು ಬೀರಲಿಂಗ ತನ್ನ ಹಿಂಡಿನ ಹಿಂದೆ ಹೊತ್ತು ನಡೆದ. ಮೇಲಿನವರ ಆರ್ಡರಿಗೆ ಹೆದರಿ ಕಾಫಿ ಸರ್ ಕಣ್ಣೀರು ಹಾಕುತ್ತ ಚಹಾ ಕುಡಿದರು, ನೌಕರಿ ಅಂದ್ರ ಹಂಗ ಪಾಪ. ಹೊಸ ಮೇಡಂ ಮಾತ್ರ ಕಾಫಿ ಮುಟ್ಟುವುದಿಲ್ಲ, ಅವರಿಗೆ ಚಹಾವೇ ಆಗಬೇಕು.

ಅದಾದ ಮೇಲೆ ಒಂದು ದಿನ ಗೊರೇಬಾಳದ ಗದ್ದೆಪ್ಪನ ಮನೆಗೆ ಇಬ್ಬರೂ ಕರುವಿನ ಕಾಲು ನೋಡಲು ಹೋದರು. ಕೆಲಸ ಮುಗಿಯಿತು. ಗದ್ದೆಪ್ಪ ಎರಡು ಸ್ಟೀಲ್ ಲೋಟ ತಂದಿಟ್ಟ. ಸರ್‌ಗೆ ಕಾಫಿ, ಮೇಡಂಗೆ ಚಹಾ. ಬಿಸ್ಕತ್ತು ತರಲು ಅವನು ಒಳಗೆ ಹೋದದ್ದೇ, ಮೇಡಂ ಮಾತಿಲ್ಲದೆ ತಮ್ಮ ಲೋಟವನ್ನು ಪಂಪಾಪತಿಯ ಕಡೆಗೆ ಸರಿಸಿದರು. ಪಂಪಾಪತಿ ತನ್ನದನ್ನು ಮೇಡಂ ಕಡೆಗೆ ಸರಿಸಿದ.

ಗದ್ದೆಪ್ಪ ಬಿಸ್ಕತ್ತಿನ ತಟ್ಟೆ ಹಿಡಿದು ಹೊರಗೆ ಬಂದ. “ಸರ, ಕಾಫಿ ಬಾಯಿಗೆ ಹತ್ತಿತಿಲ್ರಿ? ಅಂಗಡೀದಲ್ಲ. ಬೀರಲಿಂಗ ನಿಮ್ಮ ಮನೀ ಪುಡೀನ ಕೊಟ್ಟಿದ್ದ, ನಿಮಗಂತ ಮುಚ್ಚಿಟ್ಟಿದ್ದೆ.”

ಪಂಪಾಪತಿ ಮೇಡಂ ಕಡೆ ತಿರುಗಿದ. ಅವರು ಆಗಲೇ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ಕುಳಿತಿದ್ದರು.

“ಮೇಡಂಗ ಚಾ ಭಾಳ ಸೇರೇತಿ ನೋಡ್ರಿ” ಎಂದು ಗದ್ದೆಪ್ಪ ಹಿಗ್ಗಿ, ಇನ್ನೊಂದು ಲೋಟ ಚಹಾ ಇಡುವಂತೆ ಒಳಗೆ ಕೂಗಿ ಹೇಳಿದ.

ಪಂಪಾಪತಿ ಬೇಡ ಎನ್ನಲಿಲ್ಲ.